ಇಂಗ್ಲೆಂಡ್ ನರ್ಸ್ ಟಿಪ್ಪಣಿ – 17: ದೊಡ್ಡವರು ಕೆಟ್ಟರೆ ಸರಿಮಾಡುವವರು ಯಾರು?

ಊರಿಗೆ ಫೋನ್ ಮಾಡಿದಾಗೆಲ್ಲ ನಮ್ಮ ಚಿಕ್ಕಪ್ಪ ಹೇಳುವ ಮಾತೊಂದಿದೆ. "ನಮ್ಮಲ್ಲಿ ಮೇಲಿರೋರೆಲ್ಲ ಕೆಟ್ಟೋಗವ್ರೆ ಕಣವ್ವ. ನೀನು ಪುಣ್ಯ ಮಾಡಿದ್ದೆ, ನಿಯತ್ತಿರೋ ದೇಶ ಸೇರ್ಕೊಂಡೆ." ಈ ಸರಣಿ ಓದುವವರಲ್ಲೂ ಬಹಳ ಜನ ಹಾಗೇ ಅಂದುಕೊಂಡಿದ್ದೀರಿ ಅಂತ ನನಗೆ ಗೊತ್ತು. ಅದಕ್ಕೇ ಈ ಸಲ ಸಂಬಳ, ವೀಸಾ, ಓಸ್ಕಿ ಪರೀಕ್ಷೆ ಎಲ್ಲ ಪಕ್ಕಕ್ಕಿಟ್ಟು ಬೇರೆ ವಿಷಯ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಟೀ ಮಾಡಿಕೊಂಡು ಕೂತು ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ದೊಡ್ಡವರೂ ಕೆಡುತ್ತಾರೆ. ಕೆಡುವ ರೀತಿ ಬೇರೆ, ಅಷ್ಟೆ. ಇಲ್ಲಿ ಏನಾದರೂ ಸರಿಯಾಗಿದ್ದರೆ ಅದು ಮೇಲೆ ಕೂತವರಿಗೆ ಒಂದು ದಿನ ಬೆಳಿಗ್ಗೆ ಮನಸ್ಸಾಕ್ಷಿ ಎಚ್ಚರವಾಗಿದ್ದರಿಂದ ಅಲ್ಲ. ಕೆಳಗಿದ್ದವರು ಕಾಗದ ಪತ್ರ ಜೋಡಿಸಿಟ್ಟುಕೊಂಡು ಹತ್ತು, ಇಪ್ಪತ್ತು, ನಲವತ್ತು ವರ್ಷ ಬಾಗಿಲು ಬಡಿದಿದ್ದರಿಂದ.

ನನ್ನ ಕೆಲಸಕ್ಕೆ ಹತ್ತಿರದ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. ವಾರ್ಡಿನಲ್ಲಿ ರಕ್ತ ಏರಿಸುವುದು ನಮಗೆ ದಿನನಿತ್ಯದ ಕೆಲಸ. ರೋಗಿಯ ಹೆಸರು, ಹುಟ್ಟಿದ ದಿನ, ಕೈಪಟ್ಟಿಯ ನಂಬರು, ಚೀಲದ ಮೇಲಿನ ನಂಬರು, ಎಲ್ಲವನ್ನೂ ಹಾಸಿಗೆ ಪಕ್ಕದಲ್ಲೇ ನಿಂತು ತಾಳೆ ನೋಡಬೇಕು. ಶುರು ಮಾಡುವ ಮುಂಚೆ ಜ್ವರ, ಬಿಪಿ, ನಾಡಿ ನೋಡಬೇಕು. ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ನಾಲ್ಕು ಗಂಟೆಯೊಳಗೆ ಚೀಲ ಮುಗಿಯಬೇಕು. ಎಲ್ಲಕ್ಕೂ ಸಹಿ, ಎಲ್ಲಕ್ಕೂ ಸಮಯ. ಹೊಸದಾಗಿ ಬಂದ ಹುಡುಗಿಯರು "ಅಕ್ಕ, ಇಷ್ಟೊಂದು ಯಾಕೆ?" ಅಂತ ಕೇಳುತ್ತಾರೆ. ಅವರಿಗೆ ನಾನು ಈ ಕಥೆ ಹೇಳುತ್ತೇನೆ.

ಹಿಮೋಫಿಲಿಯಾ ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಹುಟ್ಟಿನಿಂದ ಬರುತ್ತದೆ, ಹೆಚ್ಚಾಗಿ ಗಂಡುಮಕ್ಕಳಿಗೆ. 1970ರ ದಶಕದಲ್ಲಿ ಇದಕ್ಕೆ ಫ್ಯಾಕ್ಟರ್ 8 ಎಂಬ ಹೊಸ ಔಷಧ ಬಂತು. ಅದುವರೆಗೆ ಆಸ್ಪತ್ರೆಗೆ ಓಡಿ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು. ಹೊಸದನ್ನು ಮನೆಯ ಫ್ರಿಜ್ಜಿನಲ್ಲಿಟ್ಟುಕೊಂಡು ತಾವೇ ಇಂಜೆಕ್ಷನ್ ತೆಗೆದುಕೊಳ್ಳಬಹುದು. ತಾಯಂದಿರಿಗೆ ವರ ಸಿಕ್ಕ ಹಾಗಾಯಿತು. ಆದರೆ ಆ ಪುಡಿಯ ಒಂದು ಬ್ಯಾಚ್ ತಯಾರಿಸಲು ಸಾವಿರಾರು ಜನರ ಪ್ಲಾಸ್ಮಾವನ್ನು ಒಂದೇ ಕಡೆ ಸುರಿಯುತ್ತಿದ್ದರು. ಅವರಲ್ಲಿ ಒಬ್ಬರಿಗೆ ಸೋಂಕಿದ್ದರೂ ಇಡೀ ಬ್ಯಾಚ್ ಕೆಟ್ಟಂತೆ. ಬ್ರಿಟನ್ನಿನಲ್ಲಿ ಬೇಕಾದಷ್ಟು ತಯಾರಾಗುತ್ತಿರಲಿಲ್ಲ, ಅಮೆರಿಕದಿಂದ ತರಿಸಿದರು. ಅಲ್ಲಿ ಪ್ಲಾಸ್ಮಾ ಕೊಟ್ಟವರಲ್ಲಿ ದುಡ್ಡಿಗಾಗಿ ಮಾರುವವರಿದ್ದರು, ಜೈಲಿನ ಕೈದಿಗಳೂ ಇದ್ದರು. ಅಪಾಯವಿದೆ ಅಂತ ಯಾರಿಗೂ ಗೊತ್ತಿರಲಿಲ್ಲವಾ? ಗೊತ್ತಿತ್ತು. 1975ರಲ್ಲೇ ಇಲ್ಲಿನ ಟಿವಿಯಲ್ಲಿ ಅದರ ಮೇಲೆ ಕಾರ್ಯಕ್ರಮ ಬಂದಿತ್ತು.

ಹಿಮೋಫಿಲಿಯಾ ಇದ್ದವರು, ಹೆರಿಗೆಯಲ್ಲಿ ರಕ್ತ ಪಡೆದ ತಾಯಂದಿರು, ಅಪಘಾತ ಮತ್ತು ಆಪರೇಷನ್ನಿನಲ್ಲಿ ರಕ್ತ ಏರಿಸಿಕೊಂಡವರು, ಎಲ್ಲ ಸೇರಿ 30,000ಕ್ಕೂ ಹೆಚ್ಚು ಜನಕ್ಕೆ ಹೆಪಟೈಟಿಸ್ ಅಥವಾ ಎಚ್‌ಐವಿ ತಗುಲಿತು. ಸುಮಾರು 3,000 ಜನ ಸತ್ತರು. ಹ್ಯಾಂಪ್‌ಶೈರಿನಲ್ಲಿ ಟ್ರೆಲೋರ್ಸ್ ಅಂತ ಒಂದು ವಸತಿ ಶಾಲೆ, ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಇದ್ದದ್ದು. ಅಲ್ಲೇ ಚಿಕಿತ್ಸಾ ಕೇಂದ್ರವೂ ಇತ್ತು ಅಂತ ಹಿಮೋಫಿಲಿಯಾ ಇದ್ದ ಹುಡುಗರನ್ನು ಅಪ್ಪ ಅಮ್ಮ ನಂಬಿ ಬಿಟ್ಟು ಬಂದಿದ್ದರು. 1970ರಿಂದ 1987ರವರೆಗೆ ಅಲ್ಲಿ ಓದಿದ ಅಂಥ 122 ಹುಡುಗರಲ್ಲಿ ಈಗ ಬದುಕಿರುವವರು ಸುಮಾರು 30. ಮನೆಯವರಿಗೆ ಸರಿಯಾಗಿ ತಿಳಿಸದೆ ಆ ಮಕ್ಕಳನ್ನು ಸಂಶೋಧನೆಗೂ ಬಳಸಿಕೊಂಡಿದ್ದರು. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.

ರೋಗ ತಗುಲಿದ್ದು ಒಂದು ಭಾಗ. ನಾನು ಹೇಳಹೊರಟಿದ್ದು ಅದಾದ ಮೇಲಿನದ್ದು. ಅವತ್ತಿನ ಮಟ್ಟಿಗೆ ಸಿಗಬಹುದಾಗಿದ್ದ ಅತ್ಯುತ್ತಮ ಚಿಕಿತ್ಸೆಯೇ ಕೊಟ್ಟಿದ್ದೇವೆ ಎಂಬ ಒಂದೇ ಸಾಲನ್ನು ಸರ್ಕಾರ ವರ್ಷಗಟ್ಟಲೆ ಹೇಳಿತು. ಮಂತ್ರಿ ಬದಲಾದರು, ಪಕ್ಷ ಬದಲಾಯಿತು, ಸಾಲು ಮಾತ್ರ ಬದಲಾಗಲಿಲ್ಲ. ಇಲಾಖೆಯ ಕಡತಗಳು ನಾಶವಾದವು. ಕೆಲವರಿಗೆ ತಮಗೆ ಸೋಂಕಿದೆ ಎಂಬುದನ್ನೇ ಡಾಕ್ಟರು ವರ್ಷಗಳ ಕಾಲ ಹೇಳಿರಲಿಲ್ಲ. ಕೊನೆಗೆ 2017ರಲ್ಲಿ ತನಿಖೆ ಘೋಷಣೆಯಾಯಿತು. ನ್ಯಾಯಮೂರ್ತಿ ಸರ್ ಬ್ರಯಾನ್ ಲ್ಯಾಂಗ್‌ಸ್ಟಾಫ್ 2024ರ ಮೇ 20ರಂದು ಏಳು ಸಂಪುಟಗಳ ವರದಿ ಕೊಟ್ಟರು. ಇದು ಆಕಸ್ಮಿಕವಲ್ಲ, ಬಹುಮಟ್ಟಿಗೆ ತಡೆಯಬಹುದಾಗಿತ್ತು, ಸತ್ಯವನ್ನು ದಶಕಗಳ ಕಾಲ ಮುಚ್ಚಿಡಲಾಯಿತು ಎಂಬುದು ಅದರ ಸಾರ. ಅದೇ ದಿನ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ವರ್ಷದ ಅಕ್ಟೋಬರ್ ಬಜೆಟ್ಟಿನಲ್ಲಿ ಪರಿಹಾರಕ್ಕೆ 11.8 ಬಿಲಿಯನ್ ಪೌಂಡ್ ಎತ್ತಿಟ್ಟರು.

ಈಗ ನೋಡಿ, ಇದರಲ್ಲಿ ಮೇಜಿನ ಕೆಳಗೆ ಕವರ್ ಇಸಕೊಂಡ ಮಂತ್ರಿ ಎಲ್ಲೂ ಕಾಣುವುದಿಲ್ಲ. ಬೇನಾಮಿ ಸೈಟು ಮಾಡಿದ ಅಧಿಕಾರಿಯೂ ಕಾಣುವುದಿಲ್ಲ. ಎಲ್ಲ ಒಳ್ಳೊಳ್ಳೆ ಕಾಲೇಜಿನಲ್ಲಿ ಓದಿದವರು, ಕ್ಯೂನಲ್ಲಿ ನಿಲ್ಲುವವರು, ಭುಜ ತಾಗಿದರೆ ಸಾರಿ ಅನ್ನುವವರು. ನಮ್ಮೂರ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಲು ಇನ್ನೂರು ರೂಪಾಯಿ ಕೇಳುವವನ ಕೆಡುಕು ಎಲ್ಲರಿಗೂ ಕಾಣುತ್ತದೆ, ಬೈಯಲೂಬಹುದು. ಸಂಸ್ಥೆಯ ಹೆಸರು ಉಳಿಸಲು ಒಂದು ಸಭೆಯಲ್ಲಿ ಎಂಟು ಜನ ಸಭ್ಯರು ಕೂತು, ಬಿಸ್ಕತ್ತು ತಿಂದು, ಒಂದು ವಾಕ್ಯವನ್ನು ಸ್ವಲ್ಪ ಮೆತ್ತಗೆ ಮಾಡಿ ಬರೆಯುವ ಕೆಡುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೆಯದೇ ಹೆಚ್ಚು ಜನರನ್ನು ಕೊಲ್ಲುತ್ತದೆ ಅಂತ ಈಗೀಗ ನನಗೆ ಅನ್ನಿಸುತ್ತಿದೆ.

ಪೋಸ್ಟ್ ಆಫೀಸಿನದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬೇಕು, ಚುಟುಕಾಗಿ ಹೇಳುತ್ತೇನೆ. ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ತಪ್ಪು ಲೆಕ್ಕ ತೋರಿಸಿತು. 1999ರಿಂದ 2015ರ ನಡುವೆ ಸಣ್ಣ ಸಣ್ಣ ಅಂಚೆ ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನ ಕಳ್ಳರು ಅಂತ ಶಿಕ್ಷೆಗೊಳಗಾದರು. ಅವರಲ್ಲಿ ನಮ್ಮ ಭಾರತೀಯ ಮೂಲದವರು ಬಹಳ. ಸೀಮಾ ಮಿಶ್ರಾ ಎಂಬಾಕೆಯನ್ನು 2010ರಲ್ಲಿ ಜೈಲಿಗೆ ಕಳಿಸಿದಾಗ ಆಕೆ ಬಸುರಿ. ಅವತ್ತೇ ಆಕೆಯ ಮಗನ ಹತ್ತನೇ ಹುಟ್ಟುಹಬ್ಬ. ಏಳು ವರ್ಷದ ಮಟ್ಟಿಗೆ ಪೋಸ್ಟ್ ಆಫೀಸಿನ ಮುಖ್ಯಸ್ಥೆಯಾಗಿದ್ದ ಪೌಲಾ ವೆನ್ನೆಲ್ಸ್ ದೀಕ್ಷೆ ಪಡೆದ ಪಾದ್ರಿಯೂ ಹೌದು. ಊರಿನಲ್ಲಿ ಈ ವಿಷಯ ಬಂದಾಗೆಲ್ಲ ಶಾಲೆಯಲ್ಲಿ ನೀತಿಪಾಠ ಜಾಸ್ತಿ ಮಾಡಬೇಕು, ಮಕ್ಕಳಿಗೆ ಸಂಸ್ಕಾರ ಕೊಡಬೇಕು ಅನ್ನುವವರಿದ್ದಾರೆ. ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಪ್ರವಚನ ಕೇಳಿದವರಲ್ಲ, ಪ್ರವಚನ ಮಾಡುವವರೇ ಆ ಕುರ್ಚಿಯಲ್ಲಿ ಕೂತಿದ್ದಾಗಲೂ ಇದು ನಡೆಯಿತು. ಹಾಗಾಗಿ ಆ ಔಷಧದ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ.

ಸ್ಟಾಫರ್ಡ್ ಆಸ್ಪತ್ರೆಯ ಕಥೆ ಪ್ರತಿಯೊಬ್ಬ ನರ್ಸೂ ಓದಬೇಕಾದ್ದು. ಅಲ್ಲಿನ ಮಿಡ್ ಸ್ಟಾಫರ್ಡ್‌ಶೈರ್ ಟ್ರಸ್ಟಿನವರಿಗೆ ಫೌಂಡೇಷನ್ ಟ್ರಸ್ಟ್ ಎಂಬ ಬಡ್ತಿಯ ಪಟ್ಟ ಬೇಕಾಗಿತ್ತು. ಅದಕ್ಕೆ ಲೆಕ್ಕಪತ್ರ ಚೆನ್ನಾಗಿ ಕಾಣಬೇಕು. ಖರ್ಚು ಕಡಿತ ಮಾಡಿದರು, ಸಿಬ್ಬಂದಿ ಕಡಿಮೆ ಮಾಡಿದರು. ಪಟ್ಟ ಸಿಕ್ಕಿತು. ವಾರ್ಡುಗಳಲ್ಲಿ ಮುದುಕರು ಒದ್ದೆ ಹಾಸಿಗೆಯಲ್ಲಿ ಗಂಟೆಗಟ್ಟಲೆ ಬಿದ್ದಿದ್ದರು. ಬಾಯಾರಿಕೆ ತಾಳಲಾರದೆ ಹೂದಾನಿಯ ನೀರು ಕುಡಿದವರಿದ್ದರು ಅಂತ ಮನೆಯವರು ಹೇಳಿದರು. ತುರ್ತು ವಿಭಾಗದಲ್ಲಿ ರೋಗಿ ನಾಲ್ಕು ಗಂಟೆಯೊಳಗೆ ಹೊರಗೆ ಹೋಗಬೇಕೆಂಬ ಗುರಿ ಇತ್ತಲ್ಲ, ಅದು ಮುಟ್ಟಿದ ಹಾಗೆ ಕಾಣಿಸಲು ಸಮಯವನ್ನೇ ತಿದ್ದಿ ಬರೆಯಿರಿ ಅಂತ ನರ್ಸುಗಳಿಗೆ ಹೇಳುತ್ತಿದ್ದರು. ಹೇಳುತ್ತಿದ್ದವರೂ ನರ್ಸುಗಳೇ, ಹಿರಿಯ ಸಿಸ್ಟರುಗಳು. ಇದನ್ನು ಮರೆಯಬಾರದು. ಮೇಲಿನವರ ಕೊಳೆ ಮೇಲೇ ನಿಲ್ಲುವುದಿಲ್ಲ, ನಮ್ಮ ಯೂನಿಫಾರ್ಮಿನ ತನಕ ಇಳಿದು ಬರುತ್ತದೆ.

ಅದನ್ನು ಬಾಯಿಬಿಟ್ಟು ಹೇಳಿದವಳೂ ಒಬ್ಬ ನರ್ಸು, ಹೆಲೀನ್ ಡೊನೆಲಿ. ಸಹೋದ್ಯೋಗಿಗಳು ಬೆದರಿಸಿದರು. ಹೊರಗಡೆ ಜೂಲಿ ಬೈಲಿ ಎಂಬ ಹೆಂಗಸು, ಊರಿನಲ್ಲಿ ಕೆಫೆ ನಡೆಸುತ್ತಿದ್ದವರು, 2007ರಲ್ಲಿ ಅದೇ ಆಸ್ಪತ್ರೆಯಲ್ಲಿ ತಾಯಿಯನ್ನು ಕಳೆದುಕೊಂಡಿದ್ದರು. ನೊಂದ ಮನೆಯವರನ್ನೆಲ್ಲ ಆ ಕೆಫೆಯಲ್ಲಿ ಸೇರಿಸಿ ಸಂಘ ಕಟ್ಟಿದರು. 2013ರ ಫೆಬ್ರವರಿಯಲ್ಲಿ ರಾಬರ್ಟ್ ಫ್ರಾನ್ಸಿಸ್ ಅವರ ಸಾರ್ವಜನಿಕ ತನಿಖೆಯ ವರದಿ 290 ಶಿಫಾರಸುಗಳ ಜೊತೆ ಬಂತು. ಈ ಇಬ್ಬರಿಗೂ ಮುಂದೆ ರಾಜಗೌರವ ಸಿಕ್ಕಿತು. ಆದರೆ ಊರು ಏನು ಮಾಡಿತು ಗೊತ್ತಾ? ನಮ್ಮ ಆಸ್ಪತ್ರೆ ಮುಚ್ಚಿಸಲು ಹೊರಟಿದ್ದಾಳೆ ಅಂತ ಜೂಲಿ ಬೈಲಿಯವರ ಮೇಲೆ ತಿರುಗಿಬಿತ್ತು. ಅವರ ತಾಯಿಯ ಸಮಾಧಿಯನ್ನು ಹಾಳುಗೆಡವಿದರು. ಕೆಫೆ ಬಿಟ್ಟು ಅವರು ಊರೇ ತೊರೆಯಬೇಕಾಯಿತು. ದೊಡ್ಡವರು ಕೆಟ್ಟಿದ್ದಾರೆ ಅಂತ ನಾವೆಲ್ಲ ಸುಲಭವಾಗಿ ಹೇಳುತ್ತೇವೆ. ನಮ್ಮ ಮನೆ ಪಕ್ಕದ ಆಸ್ಪತ್ರೆ, ನಮ್ಮ ಮಠ, ನಮ್ಮ ಜಾತಿಯ ನಾಯಕ ಅಂತ ಬಂದಾಗ ಸತ್ಯ ಹೇಳಿದವರ ಮೇಲೆಯೇ ಕಲ್ಲು ಹೊಡೆಯುತ್ತೇವೆ. ಈ ವಿಷಯದಲ್ಲಿ ಸ್ಟಾಫರ್ಡಿಗೂ ನಮ್ಮ ತಾಲ್ಲೂಕಿಗೂ ವ್ಯತ್ಯಾಸ ಕಾಣಲಿಲ್ಲ.

ಆ ವರದಿಯ ಫಲವಾಗಿ 2014ರಲ್ಲಿ ಒಂದು ಕಾನೂನು ಬಂತು. ಚಿಕಿತ್ಸೆಯಲ್ಲಿ ತಪ್ಪಾಗಿ ರೋಗಿಗೆ ಗಂಭೀರ ತೊಂದರೆಯಾದರೆ ಆಸ್ಪತ್ರೆ ತಾನಾಗಿಯೇ ಅದನ್ನು ರೋಗಿಗೆ ಅಥವಾ ಮನೆಯವರಿಗೆ ಹೇಳಿ ಕ್ಷಮೆ ಕೇಳಬೇಕು. ಇಲ್ಲಿ ಅದನ್ನು ಡ್ಯೂಟಿ ಆಫ್ ಕ್ಯಾಂಡರ್ ಅನ್ನುತ್ತಾರೆ. ಊರಿನಲ್ಲಿ ಕೆಲಸ ಮಾಡಿದ್ದ ನನಗೆ ಇದು ಮೊದಲು ನಂಬಲೇ ಆಗಲಿಲ್ಲ. ಅಲ್ಲಿ ನಮಗೆ ಕಲಿಸಿದ್ದು ಇದರ ಉಲ್ಟಾ: ಅಟೆಂಡರ್ಸ್ ಮುಂದೆ ಬಾಯಿಬಿಡಬೇಡ, ಗಲಾಟೆಯಾಗುತ್ತೆ. ಆಮೇಲೆ ಪ್ರತಿ ಆಸ್ಪತ್ರೆಯಲ್ಲೂ ಸಿಬ್ಬಂದಿ ಹೋಗಿ ದೂರು ಹೇಳಿಕೊಳ್ಳಲು ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಅಂತ ಒಬ್ಬರನ್ನು ನೇಮಿಸಿದರು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತಾ? ಇಲ್ಲ. ಶ್ರೂಸ್‌ಬರಿ ಮತ್ತು ಟೆಲ್ಫರ್ಡ್ ಟ್ರಸ್ಟಿನ ಹೆರಿಗೆ ವಿಭಾಗದ ಮೇಲೆ 2022ರಲ್ಲಿ ಡೋನಾ ಆಕೆಂಡನ್ ವರದಿ ಕೊಟ್ಟರು. ಅವರು ಸ್ವತಃ ಮಿಡ್‌ವೈಫ್. ಸುಮಾರು ಎರಡು ದಶಕದಲ್ಲಿ ಒಳ್ಳೆಯ ಆರೈಕೆ ಸಿಕ್ಕಿದ್ದರೆ 201 ಮಕ್ಕಳು ಬದುಕಬಹುದಿತ್ತು ಅಂತ ಅದರಲ್ಲಿದೆ. ಕ್ಯಾಂಡರ್ ಕಾನೂನು ಬಂದ ಮೇಲಿನ ವರ್ಷಗಳೂ ಆ ಲೆಕ್ಕದಲ್ಲಿ ಸೇರಿವೆ. ಆ ತನಿಖೆ ಶುರುವಾದದ್ದು ಯಾರಿಂದ? ಮಗು ಕಳೆದುಕೊಂಡ ಇಬ್ಬರು ತಾಯಂದಿರು, ರಿಯಾನನ್ ಡೇವಿಸ್ ಮತ್ತು ಕೇಲಿ ಗ್ರಿಫಿತ್ಸ್, ಮನೆಯಲ್ಲಿ ಕೂತು ಹಳೆಯ ಸುದ್ದಿ, ಮರಣ ವಿಚಾರಣೆಯ ದಾಖಲೆ ಹುಡುಕಿ ತಮ್ಮಂತೆಯೇ ಆದ 23 ಪ್ರಕರಣ ಪಟ್ಟಿ ಮಾಡಿದರು. ಆಸ್ಪತ್ರೆಯ ಮಂಡಳಿ, ಪರಿಶೀಲನಾ ಸಂಸ್ಥೆ, ಇಲಾಖೆ ಇಷ್ಟೆಲ್ಲ ಇದ್ದೂ ಎಣಿಸಿದ್ದು ಆ ಇಬ್ಬರು ಹೆಂಗಸರು.

ನರ್ಸಿಂಗ್ ಓದುವಾಗ ನಮ್ಮ ಟ್ಯೂಟರ್ ಒಂದು ಮಾತನ್ನು ತಲೆಗೆ ಕುಟ್ಟಿ ಕುಟ್ಟಿ ಸೇರಿಸಿದ್ದರು: ಚಾರ್ಟಿನಲ್ಲಿ ಬರೆಯದಿದ್ದರೆ ಆ ಕೆಲಸ ಆಗಿಲ್ಲ ಅಂತಲೇ ಅರ್ಥ. ಆಗ ಅದನ್ನು ಕೋರ್ಟಿನಿಂದ ತಪ್ಪಿಸಿಕೊಳ್ಳುವ ಉಪಾಯ ಅಂದುಕೊಂಡಿದ್ದೆವು. ಈ ಕಥೆಗಳನ್ನೆಲ್ಲ ಓದಿದ ಮೇಲೆ ಅದರ ತೂಕ ಬೇರೆಯೇ ಕಾಣುತ್ತಿದೆ. ವೇಲ್ಸಿನ ಸಣ್ಣ ಅಂಚೆ ಕಚೇರಿಯೊಂದನ್ನು ಕಳೆದುಕೊಂಡ ಆಲನ್ ಬೇಟ್ಸ್ ಗೆದ್ದದ್ದು ಕಾಗದ ಉಳಿಸಿಕೊಂಡಿದ್ದರಿಂದ. ನಾಲ್ಕು ವರ್ಷದವನಿದ್ದಾಗ ಸೋಂಕಿತ ರಕ್ತದಿಂದ ತಂದೆಯನ್ನು ಕಳೆದುಕೊಂಡ ಜೇಸನ್ ಇವಾನ್ಸ್ ದೊಡ್ಡವನಾದ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಹಾಕಿ ದಾಖಲೆ ಹೊರಗೆಳೆದ. ಮೇಲಿನವರು ಕಡತ ಸುಡುತ್ತಾರೆ, ಕೆಳಗಿನವರು ಜೆರಾಕ್ಸ್ ಇಟ್ಟುಕೊಂಡಿರುತ್ತಾರೆ. ಸಮಾಜ ಹೊಸದಾಗುವುದು ಅಂತ ದೊಡ್ಡ ಮಾತು ಯಾರಾದರೂ ಆಡಿದರೆ ನನ್ನ ಕಣ್ಣಿಗೆ ಬರುವುದು ಇಂಥವರ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು.

ಈಗ ನಮ್ಮ ಪಾಡು. ಬೇರೆ ದೇಶದಿಂದ ಬಂದ ನರ್ಸು ಬಾಯಿಬಿಡುವುದು ಇಲ್ಲಿಯವರು ಬಾಯಿಬಿಟ್ಟಷ್ಟು ಸುಲಭವಲ್ಲ. ನಮ್ಮ ವೀಸಾ ಇರುವುದು ಆಸ್ಪತ್ರೆಯ ಸ್ಪಾನ್ಸರ್‌ಶಿಪ್ಪಿನ ಮೇಲೆ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕಬೇಕು, ಇಲ್ಲದಿದ್ದರೆ ಗಂಡ ಮಕ್ಕಳ ಸಮೇತ ಗಂಟುಮೂಟೆ ಕಟ್ಟಬೇಕು. ಊರಿನಲ್ಲಿ ಮನೆ ಸಾಲ, ತಂಗಿಯ ಮದುವೆ, ಅಪ್ಪನ ಔಷಧಿ. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ಒಬ್ಬಳು ಬಾಯಿ ತೆರೆಯಬೇಕೋ ಮುಚ್ಚಬೇಕೋ ಅಂತ ನಿರ್ಧರಿಸುತ್ತಾಳೆ.

ನಾನು ಹಿಂದೆ ಇದ್ದ ಒಂದು ವಾರ್ಡಿನಲ್ಲಿ, ಹೆಸರು ಬೇಡ, ಚಳಿಗಾಲದಲ್ಲಿ 28 ಹಾಸಿಗೆಗೆ ರಾತ್ರಿ ಪಾಳಿಯಲ್ಲಿ ನಾವು ಇಬ್ಬರೇ ನೋಂದಾಯಿತ ನರ್ಸುಗಳಿರುವುದು ಮಾಮೂಲಾಗಿತ್ತು. ಪ್ರತಿ ಸಲವೂ ನಾನು ಘಟನಾ ವರದಿಯ ಫಾರ್ಮ್ ತುಂಬಿದೆ. ಯಾವ ಔಷಧಿ ಎಷ್ಟು ತಡವಾಯಿತು, ಯಾರು ಬಿದ್ದರು, ಯಾರ ಗಾಯದ ಡ್ರೆಸಿಂಗ್ ಆಗಲಿಲ್ಲ, ಸಮಯದ ಸಮೇತ. ಮ್ಯಾನೇಜರ್ ಒಳಗೆ ಕರೆದು ಕುರ್ಚಿ ಕೊಟ್ಟು, ಬಹಳ ಮೆತ್ತಗಿನ ದನಿಯಲ್ಲಿ, ಇಷ್ಟೊಂದು ಫಾರ್ಮ್ ಹೋದರೆ ನಮ್ಮ ವಾರ್ಡಿನ ಹೆಸರು ಮೇಲೆ ಕೆಟ್ಟದಾಗಿ ಕಾಣುತ್ತೆ, ನೀನು ಟೀಮ್ ಪ್ಲೇಯರ್ ಅಲ್ಲವಾ ಅಂತ ಕೇಳಿದರು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು, ಆ ಮೆತ್ತಗಿನ ದನಿ ಹೆದರಿಸಿತು. ಜೊತೆಗಿದ್ದ ಫಿಲಿಪೈನ್ಸಿನ ಗೆಳತಿ ಅವತ್ತಿನಿಂದ ಫಾರ್ಮ್ ತುಂಬುವುದು ನಿಲ್ಲಿಸಿದಳು. ಅವಳಿಗೆ ವೀಸಾ ನವೀಕರಣ ಹತ್ತಿರವಿತ್ತು, ನಾನು ಅವಳನ್ನು ದೂರುವುದಿಲ್ಲ. ನಾನು ತುಂಬುತ್ತಲೇ ಹೋದೆ. ಐದು ತಿಂಗಳ ನಂತರ ಸಿಬ್ಬಂದಿ ಲೆಕ್ಕ ಪರಿಶೀಲಿಸಲು ಬಂದವರು ಆ ಫಾರ್ಮುಗಳನ್ನೇ ಮುಂದಿಟ್ಟುಕೊಂಡರು. ರಾತ್ರಿಗೆ ಒಬ್ಬ ಹೆಲ್ತ್‌ಕೇರ್ ಅಸಿಸ್ಟೆಂಟ್ ಹೆಚ್ಚಾದರು. ನರ್ಸು ಹೆಚ್ಚಾಗಲಿಲ್ಲ. ಸಿಕ್ಕಿದ್ದು ಅಷ್ಟೇ, ಆದರೆ ಆ ವರ್ಷ ರಾತ್ರಿ ಬೀಳುವ ಮುದುಕರು ಕಡಿಮೆಯಾದರು, ನಾನೇ ನೋಡಿದ್ದೇನೆ.

ಹಾಗಾದರೆ ನಮ್ಮಲ್ಲಿ ಇಂಥದ್ದು ಇರಲೇ ಇಲ್ಲವಾ ಅಂತ ಕೇಳಬಹುದು. ಇತ್ತು, ಇಲ್ಲಿಯವರೂ ಹೊಟ್ಟೆಕಿಚ್ಚು ಪಡುವಂಥದ್ದು. ಕರ್ನಾಟಕದ ಲೋಕಾಯುಕ್ತ ಕಾಯ್ದೆ 1984ರದ್ದು. 2011ರಲ್ಲಿ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದು ಒಂದೇ ವಾರದೊಳಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಿದ್ದು ನೆನಪಿದೆಯಲ್ಲ? ಬ್ರಿಟನ್ನಿನಲ್ಲಿ ನಲವತ್ತು ವರ್ಷ ಹಿಡಿದದ್ದು ಅಲ್ಲಿ ವಾರದಲ್ಲಿ ಆಯಿತು. ಆದರೆ ನಾಲ್ಕು ವರ್ಷ ಕಳೆಯುವುದರೊಳಗೆ ಆ ಕಚೇರಿಯಲ್ಲೇ ಸುಲಿಗೆ ನಡೆದಿದೆ ಎಂಬ ಆರೋಪ ಬಂತು, ಆಗಿನ ಲೋಕಾಯುಕ್ತರ ಮಗನ ಬಂಧನವಾಯಿತು. 2016ರಲ್ಲಿ ಸರ್ಕಾರ ಎಸಿಬಿ ಅಂತ ಬೇರೆ ದಳ ಮಾಡಿ ಲೋಕಾಯುಕ್ತದ ಕೈಯಿಂದ ಅಧಿಕಾರ ಕಿತ್ತುಕೊಂಡಿತು. ಅದನ್ನು ಹೈಕೋರ್ಟ್ 2022ರಲ್ಲಿ ರದ್ದು ಮಾಡಬೇಕಾಯಿತು. ಒಬ್ಬ ಪ್ರಾಮಾಣಿಕ ವ್ಯಕ್ತಿ ಬಂದರೆ ಬೆಳಗುವ, ಆತ ಹೋದರೆ ಆರುವ ದೀಪ ನಮ್ಮದು. ಇಲ್ಲಿನವರು ವ್ಯಕ್ತಿಯನ್ನು ಅಷ್ಟು ನಂಬುವುದಿಲ್ಲ, ನಿಧಾನವಾಗಿ ನಿಯಮ ಕಟ್ಟುತ್ತಾರೆ. ವಿಪರೀತ ನಿಧಾನ, ಅದೇ ಇವರ ಪಾಪ. ಸೋಂಕಿತ ರಕ್ತದ ಪರಿಹಾರದ ಹಣ ಬರುವ ಮೊದಲೇ ಸತ್ತವರ ಮನೆಯವರ ಮುಂದೆ ನಿಂತು ಇದನ್ನು ನ್ಯಾಯ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ. ಫ್ರಾನ್ಸಿನಲ್ಲಿ ಇಂಥದ್ದೇ ರಕ್ತದ ಹಗರಣದಲ್ಲಿ ರಕ್ತ ಕೇಂದ್ರದ ಮುಖ್ಯಸ್ಥನಿಗೆ 1992ರಲ್ಲೇ ಜೈಲು ಶಿಕ್ಷೆಯಾಗಿತ್ತು. ಇಲ್ಲಿ ಕ್ಷಮೆ ಕೇಳಿದವರು ಬಹಳ, ಕಂಬಿ ಎಣಿಸಿದವರು ಯಾರೂ ಇಲ್ಲ.

ಇಷ್ಟರಲ್ಲಿ ನನಗೆ ಸ್ವಲ್ಪ ಆಸೆ ಹುಟ್ಟಿಸಿರುವುದು ಹಿಲ್ಸ್‌ಬರೋ ಕಾನೂನು. 1989ರಲ್ಲಿ ಶೆಫೀಲ್ಡಿನ ಫುಟ್‌ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ 97 ಜನ ಸತ್ತರು. ತಪ್ಪು ಪೊಲೀಸರದ್ದು, ಆದರೆ ಕುಡಿದು ಬಂದ ಅಭಿಮಾನಿಗಳದ್ದೇ ತಪ್ಪು ಅಂತ ಪೊಲೀಸರು ಕಥೆ ಕಟ್ಟಿದರು, ಹೇಳಿಕೆಗಳನ್ನು ತಿದ್ದಿದರು. ಲಿವರ್‌ಪೂಲಿನ ಅಪ್ಪ ಅಮ್ಮಂದಿರು ಬಿಡಲಿಲ್ಲ. 27 ವರ್ಷದ ನಂತರ, 2016ರಲ್ಲಿ, ಇದು ಕಾನೂನುಬಾಹಿರ ಹತ್ಯೆ ಅಂತ ಜ್ಯೂರಿ ಹೇಳಿತು. ಆ ಮನೆಯವರ ಹೋರಾಟದಿಂದ ಹುಟ್ಟಿದ ಮಸೂದೆ 2025ರ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ಬಂತು. ನಮ್ಮ ಆಸ್ಪತ್ರೆಗಳಿಗೆ ಇರುವ ಕ್ಯಾಂಡರ್ ಕರ್ತವ್ಯವನ್ನು ಪೊಲೀಸರು, ಅಧಿಕಾರಿಗಳು, ಮಂತ್ರಿಗಳು ಎಲ್ಲರ ಮೇಲೂ ಹಾಕುವ, ತನಿಖೆಯಲ್ಲಿ ಸುಳ್ಳು ಹೇಳಿದರೆ ಶಿಕ್ಷೆಯಾಗುವ ಮಸೂದೆ ಅದು. ದೊಡ್ಡವರು ತಮಗೆ ಬೇಕಾದ ಕಿಂಡಿಗಳನ್ನು ಅದರಲ್ಲಿ ಬಿಟ್ಟುಕೊಳ್ಳಲು ಪ್ರಯತ್ನ ಮಾಡದೇ ಇರುವುದಿಲ್ಲ. ಲಿವರ್‌ಪೂಲಿನವರು ಅದನ್ನೂ ನೋಡುತ್ತಾ ಕೂತಿದ್ದಾರೆ.

ಹೊಸದಾಗಿ ಬಂದಿರುವ ನಮ್ಮ ಹುಡುಗಿಯರಿಗೆ, ಹುಡುಗರಿಗೆ ಎರಡು ಮಾತು. ಬಂದ ಮೊದಲ ವಾರವೇ ಯೂನಿಯನ್ ಸೇರಿಕೊಳ್ಳಿ, ತಿಂಗಳಿಗೆ ಒಂದಷ್ಟು ಪೌಂಡು ಹೋಗುತ್ತೆ ಅಂತ ಲೆಕ್ಕ ಹಾಕಬೇಡಿ. ಫಾರ್ಮ್ ತುಂಬಿದ ಮೇಲೆ ಬರುವ ರೆಫರೆನ್ಸ್ ನಂಬರನ್ನು ದಿನಾಂಕದ ಸಮೇತ ನಿಮ್ಮ ಸ್ವಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ರೋಗಿಯ ಹೆಸರಾಗಲಿ ವಿವರವಾಗಲಿ ಅದರಲ್ಲಿ ಬರೆಯಬೇಡಿ, ಅದು ಬೇರೆ ತಪ್ಪಾಗುತ್ತದೆ. ನಿಮ್ಮ ಆಸ್ಪತ್ರೆಯ ಗಾರ್ಡಿಯನ್ ಯಾರು ಅಂತ ಸಾಮಾನ್ಯವಾಗಿ ಸ್ಟಾಫ್ ರೂಮಿನ ನೋಟಿಸ್ ಬೋರ್ಡಿನಲ್ಲಿ ಫೋಟೋ ಸಮೇತ ಹಾಕಿರುತ್ತಾರೆ. ಅವರ ಹತ್ತಿರ ಹೋಗಿ ಹೇಗೆ ಮಾತಾಡುವುದು, ಏನನ್ನು ಬರೆದೇ ಕೊಡಬೇಕು, ವೀಸಾ ಮೇಲಿರುವವರು ಯಾವ ಎಚ್ಚರಿಕೆ ವಹಿಸಬೇಕು, ಇದನ್ನೆಲ್ಲ ಭಾಗ 18ರಲ್ಲಿ ಬರೆಯುತ್ತೇನೆ. ಈ ವಾರ ಮೂರು ನೈಟ್ ಇದೆ, ಅದು ಮುಗಿದ ಮೇಲೆ.